ಹೊಟ್ಟೆ ಉಬ್ಬರಕ್ಕೆ ಆರು ಔಷಧಿ: ಯಾವುದು ಇರಲಿ, ಯಾವುದನ್ನು ಬಿಡಲಿ?

ಪ್ರಶ್ನೆ: ನನಗೆ 44 ವರ್ಷ, ಜಮಖಂಡಿ ತಾಲ್ಲೂಕಿನ ಹಳ್ಳಿ. ಎರಡು ವರ್ಷದಿಂದ ಊಟ ಆದ ಅರ್ಧ ತಾಸಿಗೆ ಹೊಟ್ಟೆ ಉಬ್ಬುತ್ತದೆ, ಸಂಜೆ ಹೊತ್ತಿಗೆ ಸೀರೆ ಬಿಗಿ ಆಗುತ್ತದೆ. ಹುಳಿತೇಗು ಇದೆ. ಮೂರು ದಿನ ಸಂಡಾಸ ಸರಿಯಾಗಿ ಆಗುವುದಿಲ್ಲ, ನಾಲ್ಕನೇ ದಿನ ಮೂರ್ನಾಲ್ಕು ಸಲ ತೆಳ್ಳಗೆ ಹೋಗುತ್ತದೆ. ಹೋಗಿ ಬಂದ ಮೇಲೆ ಹೊಟ್ಟೆನೋವು ಇಳಿಯುತ್ತದೆ. ಮೆಡಿಕಲ್ ಅಂಗಡಿಯವರು ಕೊಟ್ಟ ಪ್ಯಾಂಟೊಪ್ರಜೋಲ್ 40 ಗುಳಿಗೆ ಒಂದೂವರೆ ವರ್ಷದಿಂದ ದಿನಾ ತಗೊಳ್ಳುತ್ತಿದ್ದೇನೆ. ಜೊತೆಗೆ ಊಟದ ನಂತರ ಪಚನದ ಸಿರಪ್, ಸಂಡಾಸ ಆಗದ ದಿನ ರಾತ್ರಿ ಚೂರ್ಣ, ಆಗೀಗ ಇಸಬಗೋಲ್, ಪ್ರೊಬಯೋಟಿಕ್ ಕ್ಯಾಪ್ಸೂಲ್. ನಾದಿನಿ ಹೇಳಿದಳೆಂದು ಅಲೋವೆರಾ ಜ್ಯೂಸ್ ಕೂಡ ಶುರು ಮಾಡಿದೆ. ಸೋನೋಗ್ರಫಿ ನಾರ್ಮಲ್ ಬಂದಿದೆ. ಸಕ್ಕರೆ ಕಾಯಿಲೆಗೆ ಎರಡು ವರ್ಷದಿಂದ ಮೆಟ್‌ಫಾರ್ಮಿನ್ ಇದೆ. ಬಿ.ಪಿ. ಇಲ್ಲ. ಇದಕ್ಕೆ ಯಾವ ಸಪ್ಲಿಮೆಂಟ್ ಒಳ್ಳೆಯದು?

ಉತ್ತರ: ಏಳನೆಯದನ್ನು ಸದ್ಯ ಕೊಳ್ಳಬೇಡಿ. ನೀವು ಬರೆದ ಆರರಲ್ಲಿ ಮೂರನ್ನು ಇವತ್ತೇ ಬಿಡಬಹುದು. ಒಂದನ್ನು ನಿಧಾನವಾಗಿ ಇಳಿಸಬೇಕು, ಒಂದನ್ನು ಈಗಿನ ಹಾಗೆ ಆಗೀಗ ತಗೊಳ್ಳದೆ ಕ್ರಮವಾಗಿ ದಿನಾ ತಗೊಳ್ಳಬೇಕು, ಇನ್ನೊಂದನ್ನು ಸದ್ಯಕ್ಕೆ ಪಕ್ಕಕ್ಕಿಡಬೇಕು. ಜೊತೆಗೆ, ಪತ್ರದ ಕೊನೆಯಲ್ಲಿ ಹೇಳಿ ಮುಂದೆ ಹೋದ ಸಕ್ಕರೆ ಗುಳಿಗೆಯನ್ನೂ ನೋಡಬೇಕಿದೆ. ಹೊಟ್ಟೆಯ ತೊಂದರೆಗೂ ಎರಡು ವರ್ಷ, ಆ ಗುಳಿಗೆಗೂ ಎರಡು ವರ್ಷ.

ಅದಕ್ಕೂ ಮೊದಲು ಕೆಲವು ಪ್ರಶ್ನೆ. ಪ್ರಯತ್ನ ಮಾಡದೆ ತೂಕ ಇಳಿದಿದೆಯೇ? ಮಲದಲ್ಲಿ ರಕ್ತ, ಅಥವಾ ಡಾಂಬರಿನಂತೆ ಕಪ್ಪಗೆ ಅಂಟು ಮಲ ಕಂಡಿದೆಯೇ? ನುಂಗುವಾಗ ತುತ್ತು ಸಿಕ್ಕಿಕೊಳ್ಳುತ್ತದೆಯೇ? ಪದೇ ಪದೇ ವಾಂತಿ ಆಗುತ್ತದೆಯೇ? ನೋವು ಅಥವಾ ಭೇದಿ ನಿದ್ದೆಯಿಂದ ಎಬ್ಬಿಸುತ್ತದೆಯೇ? ಹಿಮೋಗ್ಲೋಬಿನ್ ಕಡಿಮೆಯಿದೆಯೇ? ಸಂಜೆಯಾದರೆ ಸಣ್ಣ ಜ್ವರ ಬರುತ್ತದೆಯೇ? ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತೇ? ಒಂದಕ್ಕೆ ಹೌದು ಎಂದರೂ ಮುಂದೆ ಬರೆದದ್ದೆಲ್ಲ ಆಮೇಲೆ. ಮೊದಲು ವೈದ್ಯರ ಹತ್ತಿರ ಹೋಗಿ. ಸಂಜೆ ಜ್ವರ, ತೂಕ ಇಳಿಕೆ, ಹೊಟ್ಟೆನೋವು ಮೂರೂ ಸೇರಿದರೆ ನಮ್ಮಲ್ಲಿ ಕರುಳಿನ ಕ್ಷಯವನ್ನು ಯೋಚಿಸಲೇಬೇಕು. ಸೋನೋಗ್ರಫಿ ನಾರ್ಮಲ್ ಇದ್ದರೆ ಪಿತ್ತಕೋಶದ ಕಲ್ಲು, ಯಕೃತ್ತು, ಮೂತ್ರಪಿಂಡದ ಬಗ್ಗೆ ಸಮಾಧಾನ. ಜಠರದ ಹುಣ್ಣಾಗಲಿ ಕರುಳಿನ ಒಳಪದರದ ಉರಿಯೂತವಾಗಲಿ ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

ಈಗ ಮೆಟ್‌ಫಾರ್ಮಿನ್. ಹೊಟ್ಟೆ ಉಬ್ಬರ, ವಾಕರಿಕೆ, ತೆಳ್ಳಗಿನ ಸಂಡಾಸ ಇವು ಈ ಗುಳಿಗೆಯ ಬಹಳ ಸಾಮಾನ್ಯ ಅಡ್ಡಪರಿಣಾಮ. ಬರಿಹೊಟ್ಟೆಯಲ್ಲಿ ತಗೊಂಡರೆ ಇನ್ನೂ ಹೆಚ್ಚು. ಸ್ವತಃ ನಿಲ್ಲಿಸಬೇಡಿ, ಸಕ್ಕರೆ ಏರುತ್ತದೆ. ಊಟದ ನಡುವೆ, ಅಂದರೆ ಒಂದು ರೊಟ್ಟಿ ಉಂಡ ಮೇಲೆ ತಗೊಂಡು ನೋಡಿ. ಗುಳಿಗೆಯ ಸ್ಟ್ರಿಪ್ ಮೇಲೆ ಎಸ್‌.ಆರ್. ಅಥವಾ ಎಕ್ಸ್‌.ಆರ್. ಎಂದು ಇಲ್ಲದಿದ್ದರೆ, ನಿಧಾನವಾಗಿ ಬಿಡುಗಡೆಯಾಗುವ ಆ ರೂಪಕ್ಕೆ ಬದಲಿಸಬಹುದೇ ಎಂದು ಗುಳಿಗೆ ಬರೆದ ವೈದ್ಯರನ್ನು ಕೇಳಿ. ಕೆಲವರಿಗೆ ಇಷ್ಟರಿಂದಲೇ ಅರ್ಧ ತೊಂದರೆ ಇಳಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆಂದು ಮಾರುವ ‘ಶುಗರ್ ಫ್ರೀ’ ಬಿಸ್ಕೀಟು, ಮಿಠಾಯಿ ಮನೆಯಲ್ಲಿದ್ದರೆ ಹಿಂಬದಿ ಓದಿ. ಸಾರ್ಬಿಟಾಲ್, ಮಾಲ್ಟಿಟಾಲ್ ಎಂದಿದ್ದರೆ ಅವು ಕರುಳಲ್ಲಿ ಪೂರ್ತಿ ಹೀರಿಕೆಯಾಗದೆ ಗ್ಯಾಸ್ ಮಾಡುತ್ತವೆ, ನೀರು ಎಳೆದುಕೊಂಡು ಸಂಡಾಸ ತೆಳ್ಳಗೆ ಮಾಡುತ್ತವೆ.

ಮೂರು ದಿನ ಕಟ್ಟುವುದು, ನಾಲ್ಕನೇ ದಿನ ಹರಿಯುವುದು: ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೊಟ್ಟೆ ಸ್ವಚ್ಛ ಮಾಡುತ್ತದೆ ಎಂದು ಮಾರುವ ಅನೇಕ ಚೂರ್ಣಗಳಲ್ಲಿ ಸೋನಾಮುಖಿ ಎಲೆ ಇರುತ್ತದೆ. ಲೇಬಲ್ಲಿನಲ್ಲಿ ಸನಾಯ, ಸ್ವರ್ಣಪತ್ರಿ, ಸೆನ್ನಾ ಎಂದೂ ಬರೆದಿರುತ್ತಾರೆ. ಬರೀ ತ್ರಿಫಲಾ ಎಂದರೆ ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ ಮೂರೇ, ಅದು ಸೌಮ್ಯ. ಸೋನಾಮುಖಿ ಹಾಗಲ್ಲ. ದೊಡ್ಡ ಕರುಳಿನ ಸ್ನಾಯುವನ್ನು ಕೆರಳಿಸಿ ಹಿಂಡಿಸುತ್ತದೆ, ರಾತ್ರಿ ತಗೊಂಡರೆ 6ರಿಂದ 12 ತಾಸಿನಲ್ಲಿ ಕೆಲಸ. ಮುಂಜಾನೆ ಹೊಟ್ಟೆ ಹಿಂಡಿ ಮೂರ್ನಾಲ್ಕು ಸಲ ಹೋಗಿ ಕರುಳು ಖಾಲಿ ಆಗುತ್ತದೆ. ಖಾಲಿಯಾದ ಕರುಳು ಮತ್ತೆ ತುಂಬಲು ಎರಡು ಮೂರು ದಿನ ಬೇಕು. ಆ ದಿನಗಳಲ್ಲಿ ಸಂಡಾಸ ಬರದಿರುವುದು ಸಹಜ. ಒಳಗೆ ಏನೂ ಇಲ್ಲ. ಆದರೆ ಮತ್ತೆ ಕಟ್ಟಿತು ಎಂದುಕೊಂಡು ಮೂರನೇ ರಾತ್ರಿ ಮತ್ತೆ ಚೂರ್ಣ. ಹೀಗೆ ಚಕ್ರ ತಿರುಗುತ್ತಲೇ ಇರುತ್ತದೆ. ನೀವು ಬರೆದ ಲೆಕ್ಕ ಇದಕ್ಕೆ ಸರಿಯಾಗಿ ಹೊಂದುತ್ತದೆ. ಅಲೋವೆರಾ ಜ್ಯೂಸಿನ ಕಥೆಯೂ ಇದೇ. ಎಲೆಯ ಸಿಪ್ಪೆಯಡಿಯ ಹಳದಿ ರಸ ಬೆರೆತಿದ್ದರೆ ಅದರಲ್ಲಿನ ಅಲೋಯಿನ್ ಕೂಡ ಕರುಳನ್ನು ಕೆರಳಿಸುವ ಜುಲಾಬೇ. ಈ ಎರಡನ್ನೂ ಬಿಡಿ. ಬಿಟ್ಟ ಮೊದಲ ವಾರ ಎರಡು ಮೂರು ದಿನ ಸಂಡಾಸ ಆಗದಿದ್ದರೆ ಹೆದರಬೇಡಿ.

ಬಿಟ್ಟ ಜಾಗಕ್ಕೆ ಇಸಬಗೋಲ್ ಬರಲಿ. ನಿಮ್ಮ ಮನೆಯಲ್ಲಿರುವುದರಲ್ಲಿ ನಾನು ಪೂರ್ಣ ಮನಸ್ಸಿನಿಂದ ಒಪ್ಪುವುದು ಇದೊಂದೇ. ಈ ಹೊಟ್ಟು ನೀರು ಹೀರಿ ಲೋಳೆಯಾಗುತ್ತದೆ. ಗಟ್ಟಿ ಮಲವನ್ನು ಮೆತ್ತಗೆ ಮಾಡುತ್ತದೆ, ತೆಳ್ಳಗಿನ ಮಲವನ್ನು ಕೂಡಿಸುತ್ತದೆ. ಎರಡೂ ತೊಂದರೆ ಇರುವವರಿಗೆ ಇಂಥ ನಾರು ಬೇರೆ ಸಿಗುವುದು ಕಷ್ಟ. ಗೋಧಿ ತೌಡು ಹಾಗಲ್ಲ, ಉಬ್ಬರ ಇರುವವರಿಗೆ ಅದು ಹೆಚ್ಚಾಗಿ ತ್ರಾಸೇ ಕೊಡುತ್ತದೆ. ಆದರೆ ಇಸಬಗೋಲನ್ನು ಆಗೀಗ ತಗೊಂಡರೆ ಉಪಯೋಗವಿಲ್ಲ, ದಿನಾ ಬೇಕು. ಮೊದಲ ವಾರ ಸಂಜೆ ಒಂದು ಚಹಾ ಚಮಚ. ಎರಡನೇ ವಾರ ಬೆಳಿಗ್ಗೆ ಒಂದು, ಸಂಜೆ ಒಂದು. ಮೂರನೇ ವಾರದಿಂದ ಎರಡೆರಡು. ದಿನಕ್ಕೆ ಎಂಟು–ಹತ್ತು ಗ್ರಾಂ ಆದರೆ ಸಾಕು. ಪ್ರತಿ ಸಲ 250 ಮಿ.ಲೀ. ನೀರಿನಲ್ಲಿ ಕಲಸಿ, ಅದು ಗಟ್ಟಿಯಾಗುವ ಮೊದಲೇ ಕುಡಿದು, ಮೇಲೆ ಇನ್ನರ್ಧ ಗ್ಲಾಸು ನೀರು. ಒಣಗಿದ್ದನ್ನು ಬಾಯಿಗೆ ಹಾಕಿಕೊಂಡು ಗುಟುಕು ನೀರು ಕುಡಿಯುವ ರೂಢಿ ಅಪಾಯ, ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಕುಡಿದ ಕೂಡಲೇ ಮಲಗಬಾರದು. ಬೇರೆ ಗುಳಿಗೆಗಳಿಗೂ ಇದಕ್ಕೂ ಎರಡು ತಾಸು ಅಂತರ ಇರಲಿ. ಥೈರಾಯ್ಡ್ ಗುಳಿಗೆ ಇರುವವರಿಗೆ ನಾಲ್ಕು ತಾಸು. ಮೊದಲ ವಾರ ಗ್ಯಾಸ್ ಸ್ವಲ್ಪ ಹೆಚ್ಚಾದೀತು, ಅಷ್ಟಕ್ಕೇ ಬಿಡಬೇಡಿ, ಅದೇ ಅಳತೆಯಲ್ಲಿ ಇನ್ನೊಂದು ವಾರ ನಿಲ್ಲಿ. ಸಕ್ಕರೆ ಬೆರೆಸಿದ ಕಿತ್ತಳೆ ರುಚಿಯದ್ದು ನಿಮಗೆ ಬೇಡ, ಸಾದಾ ಹೊಟ್ಟೇ ಸಾಕು. ಅಗಸಿ ಹಿಂಡಿ ನಮ್ಮ ಕಡೆ ಹೇಗೂ ರೊಟ್ಟಿ ಜೊತೆ ಇದ್ದದ್ದೇ. ದಿನಕ್ಕೆ ಒಂದು ದೊಡ್ಡ ಚಮಚದಷ್ಟು ಪುಡಿ ಮಾಡಿದ ಅಗಸಿ ಕೂಡ ಇದೇ ಕೆಲಸಕ್ಕೆ ಒಳ್ಳೆಯದು, ಮೇಲೆ ನೀರು ಬೇಕು.

ಇಷ್ಟರ ಮೇಲೂ ಕಟ್ಟಿದರೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, 17 ಗ್ರಾಂ ಒಂದು ಗ್ಲಾಸು ನೀರಿನಲ್ಲಿ. ಅಂಗಡಿಯವರು ಅದರ ಬದಲು ಲ್ಯಾಕ್ಟುಲೋಸ್ ಸಿರಪ್ ಕೊಡಬಹುದು. ಅದು ಮಲ ಸಡಿಲಿಸುವುದು ನಿಜ, ಆದರೆ ಕರುಳಲ್ಲಿ ಹುದುಗಿ ಗ್ಯಾಸ್ ಮಾಡುವ ಸಕ್ಕರೆ ಅದು. ಉಬ್ಬರವೇ ಮುಖ್ಯ ತೊಂದರೆ ಇರುವ ನಿಮಗೆ ಹೊಂದುವುದಿಲ್ಲ.

ಇನ್ನು ಒಂದೂವರೆ ವರ್ಷದ ಪ್ಯಾಂಟೊಪ್ರಜೋಲ್. ಈ ಗುಳಿಗೆಯನ್ನು ನಮ್ಮಲ್ಲಿ ‘ಗ್ಯಾಸ್ ಗುಳಿಗೆ’ ಎನ್ನುತ್ತಾರೆ, ಆ ಹೆಸರೇ ದಾರಿ ತಪ್ಪಿಸುತ್ತದೆ. ಇದು ಗ್ಯಾಸ್ ಕಡಿಮೆ ಮಾಡುವುದಿಲ್ಲ, ಜಠರದ ಆಮ್ಲ ಕಡಿಮೆ ಮಾಡುತ್ತದೆ. ಎದೆಯುರಿ, ಹುಣ್ಣು ಇದ್ದರೆ ಬಹಳ ಒಳ್ಳೆಯ ಔಷಧಿ; ಸಾಮಾನ್ಯವಾಗಿ 4ರಿಂದ 8 ವಾರ. ಬೆಳಗಿನ ತಿಂಡಿಗೆ 30ರಿಂದ 60 ನಿಮಿಷ ಮೊದಲು ನುಂಗಬೇಕು, ಏಕೆಂದರೆ ಊಟಕ್ಕಾಗಿ ಚಾಲೂ ಆಗುವ ಆಮ್ಲದ ಪಂಪುಗಳನ್ನೇ ಅದು ಹಿಡಿಯುವುದು. ತಿಂಡಿಯಾದ ಮೇಲೆ ಅಥವಾ ರಾತ್ರಿ ಮಲಗುವಾಗ ತಗೊಂಡರೆ ಅರ್ಧ ಪರಿಣಾಮ ಹೋದಂತೆ. ಮೇಲ್ಪದರ ಆಮ್ಲ ತಡೆಯುವಂಥದ್ದು, ಆದ್ದರಿಂದ ಮುರಿದು, ಪುಡಿ ಮಾಡಿ ತಗೊಳ್ಳಬಾರದು.

ನಿಮ್ಮ ಉಬ್ಬರ ಕೆಳಹೊಟ್ಟೆಯ ಕಡೆಯದು, ಸಂಡಾಸಕ್ಕೆ ತಳಕು ಹಾಕಿಕೊಂಡಿದೆ. ಅದಕ್ಕೆ ಈ ಗುಳಿಗೆಯಿಂದ ಪ್ರಯೋಜನವಿಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ಎದೆಯುರಿ ಮೊದಲಿಗಿಂತ ಜೋರಾಗಿ ಬರುತ್ತದೆ, ‘ನೋಡಿ, ನನಗೆ ಈ ಗುಳಿಗೆ ಬೇಕೇ ಬೇಕು’ ಅನ್ನಿಸುತ್ತದೆ. ಅದು ಬಿಟ್ಟದ್ದರ ಹೊಡೆತ. ತಿಂಗಳುಗಟ್ಟಲೆ ಅದುಮಿಟ್ಟ ಜಠರ ಕೆಲವು ವಾರ ಹೆಚ್ಚು ಆಮ್ಲ ಸುರಿಸುತ್ತದೆ. ಎಂದೂ ಎದೆಯುರಿ ಇಲ್ಲದ ಆರೋಗ್ಯವಂತರಿಗೆ ಇದೇ ಗುಂಪಿನ ಗುಳಿಗೆಯನ್ನು 8 ವಾರ ಕೊಟ್ಟು ನಿಲ್ಲಿಸಿದಾಗ ಅನೇಕರಿಗೆ ಎದೆಯುರಿ ಶುರುವಾದದ್ದನ್ನು ಡೆನ್ಮಾರ್ಕಿನ 2009ರ ಅಧ್ಯಯನ ತೋರಿಸಿತು. ಹಾಗಾಗಿ ಇಳಿಸುತ್ತ ಬನ್ನಿ: ಎರಡು ವಾರ ದಿನಾ 20 ಮಿ.ಗ್ರಾಂ., ಮತ್ತೆರಡು ವಾರ ದಿನ ಬಿಟ್ಟು ದಿನ 20, ಆಮೇಲೆ ನಿಲ್ಲಿಸುವುದು. ನಡುವೆ ಉರಿ ಬಂದರೆ ಊಟದ ನಂತರ ಆಂಟಾಸಿಡ್ ಜೆಲ್ 10 ಮಿ.ಲೀ. ಹೃದಯಕ್ಕೆಂದು ಆಸ್ಪಿರಿನ್ ಇರುವವರು, ಮೊಣಕಾಲಿಗೆ ದಿನಾ ನೋವಿನ ಗುಳಿಗೆ ನುಂಗುವವರು, ಹಿಂದೆ ಹುಣ್ಣಿನಿಂದ ರಕ್ತ ಹೋಗಿದ್ದವರು ವೈದ್ಯರನ್ನು ಕೇಳದೆ ಇದನ್ನು ಮಾಡಲೇಬಾರದು. ಎದೆಯುರಿ ಬಂದಾಗಲೆಲ್ಲ ಅಡುಗೆ ಸೋಡಾ ಅಥವಾ ಬುರುಬುರು ಪುಡಿ ಕುಡಿಯುವುದೂ ಬೇಡ. ಅರ್ಧ ಚಹಾ ಚಮಚ ಸೋಡಾದಲ್ಲಿ ಸುಮಾರು 600 ಮಿ.ಗ್ರಾಂ. ಸೋಡಿಯಂ ಇದೆ.

ಇಳಿಸುವುದರಿಂದ ಇನ್ನೊಂದು ಅನುಕೂಲ. ಜಠರದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದು ನಿಮ್ಮಂಥವರಿಗೆ ನೋಡಬೇಕು. ಹುಣ್ಣಿಗೆ ಅದು ಕಾರಣ ಎಂದು ತೋರಿಸಿದ್ದಕ್ಕೆ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಉಸಿರಿನ ಯೂರಿಯಾ ಪರೀಕ್ಷೆ ಅಥವಾ ಮಲದ ಆ್ಯಂಟಿಜನ್ ಪರೀಕ್ಷೆ ಮಾಡಿಸಿ. ರಕ್ತದ ಆ್ಯಂಟಿಬಾಡಿ ಪರೀಕ್ಷೆ ಹಿಂದೆಂದೋ ಬಂದುಹೋದ ಸೋಂಕನ್ನೂ ತೋರಿಸುವುದರಿಂದ ಉಪಯೋಗವಿಲ್ಲ. ಪ್ಯಾಂಟೊಪ್ರಜೋಲ್ ಬಿಟ್ಟು ಎರಡು ವಾರ, ಆ್ಯಂಟಿಬಯೋಟಿಕ್ ಬಿಟ್ಟು ನಾಲ್ಕು ವಾರ ಆಗಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ‘ಇಲ್ಲ’ ಎಂದು ಬರಬಹುದು. ಗುಳಿಗೆ ತಗೊಳ್ಳುತ್ತಲೇ ಈ ಪರೀಕ್ಷೆ ಮಾಡಿಸಿ ಹಣ ಕಳೆದುಕೊಂಡವರು ಬಹಳ.

ಪಚನದ ಸಿರಪ್ಪಿನ ಬಾಟಲಿ ತಿರುಗಿಸಿ ನೋಡಿ. ಹೆಚ್ಚಿನವುಗಳಲ್ಲಿ ಡಯಾಸ್ಟೇಸ್, ಪೆಪ್ಸಿನ್ ಎಂದಿರುತ್ತದೆ. ಪೆಪ್ಸಿನ್ ಕೆಲಸ ಮಾಡುವುದು ತೀವ್ರ ಆಮ್ಲದಲ್ಲಿ. ಬೆಳಿಗ್ಗೆ ಆಮ್ಲ ಇಳಿಸುವ ಗುಳಿಗೆ ನುಂಗಿ ಮಧ್ಯಾಹ್ನ ಪೆಪ್ಸಿನ್ ಕುಡಿದರೆ ಒಂದು ಇನ್ನೊಂದರ ಕಾಲು ಎಳೆದಂತೆ. ಡಯಾಸ್ಟೇಸ್ ಹಿಟ್ಟಿನ ಅಂಶ ಕರಗಿಸಬಲ್ಲದು, ಆದರೆ ಆ ಕೆಲಸಕ್ಕೆ ನಿಮ್ಮ ಜೊಲ್ಲು ಮತ್ತು ಮೇದೋಜೀರಕ ಗ್ರಂಥಿಯೇ ಸಾಕು. ಆ ಗ್ರಂಥಿ ಕೆಟ್ಟವರಿಗೆ ಬೇಕಾಗುವ ಎಂಜೈಮ್ ಕ್ಯಾಪ್ಸೂಲುಗಳೇ ಬೇರೆ, ವೈದ್ಯರೇ ಬರೆಯಬೇಕು. ಸಿರಪ್ಪಿನಲ್ಲಿ ಸಕ್ಕರೆಯೂ ಇರುತ್ತದೆ. ಬಿಡಬಹುದಾದ ಮೂರನೆಯದು ಇದು.

ಊಟದ ಬಗ್ಗೆ ನೀವೇನೂ ಬರೆದಿಲ್ಲ, ಆದರೂ ಉಬ್ಬರದ ಬೇರು ಹೆಚ್ಚಿನ ಸಲ ಅಲ್ಲೇ ಇರುತ್ತದೆ. ಜೋಳದ ರೊಟ್ಟಿಯನ್ನು ಅನುಮಾನಿಸಬೇಡಿ. ಜೋಳದಲ್ಲಿ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಇಲ್ಲ, ಕರುಳಲ್ಲಿ ಹುದುಗುವ ಸಕ್ಕರೆಗಳೂ ಕಡಿಮೆ. ಹಿಡಿ ಶೇಂಗಾವೂ ತ್ರಾಸ ಕೊಡುವುದಿಲ್ಲ. ತ್ರಾಸ ರೊಟ್ಟಿಯ ಮಗ್ಗುಲಲ್ಲಿದೆ: ಹಸಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಝುಣಕ, ಕಾಳಿನ ಪಲ್ಯ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಸಕ್ಕರೆ ಸರಪಳಿಯನ್ನು ಮುರಿಯುವ ಎಂಜೈಮ್ ಯಾವ ಮನುಷ್ಯನಲ್ಲೂ ಇಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಎಲ್ಲರಿಗೂ ಹೀಗೇ, ಆದರೆ ಸೂಕ್ಷ್ಮ ಕರುಳಿನವರಿಗೆ ಅದು ನೋವಾಗಿ ತಿಳಿಯುತ್ತದೆ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಸಾರಿನಲ್ಲಿ ಕುದಿಸಿದ ಉಳ್ಳಾಗಡ್ಡಿ ತೆಗೆದಿಟ್ಟು ಬರೀ ಸಾರು ಉಂಡರೂ ತಪ್ಪಿದ್ದಲ್ಲ. ಒಗ್ಗರಣೆ ಎಣ್ಣೆಯಲ್ಲಿ ಇಡೀ ಬೆಳ್ಳುಳ್ಳಿ ಎಸಳು ಹುರಿದು, ಎಸಳು ತೆಗೆದು, ಆಮೇಲೆ ನೀರು ಹಾಕಿದರೆ ವಾಸನೆ ಸಿಗುತ್ತದೆ, ತ್ರಾಸ ಇರುವುದಿಲ್ಲ.

ಕಾಳು ಬೇಳೆಯದೂ ಇದೇ ಲೆಕ್ಕ. ಹಬ್ಬದ ಹೋಳಿಗೆಗೆ ಕಡ್ಲಿಬೇಳೆ ಕುದಿಸಿ ಕಟ್ಟು ಬಸಿಯುತ್ತೀರಲ್ಲ, ಗ್ಯಾಸ್ ಮಾಡುವ ಸಕ್ಕರೆಯಲ್ಲಿ ದೊಡ್ಡ ಪಾಲು ಆ ಕಟ್ಟಿಗೆ ಇಳಿದಿರುತ್ತದೆ. ಬೇಳೆ ಹಗುರ ಆಗುತ್ತದೆ, ಕಟ್ಟಿನ ಸಾರು ಭಾರ ಆಗುತ್ತದೆ. ಹಬ್ಬದ ಮರುದಿನ ಕಟ್ಟಿನ ಸಾರು ಉಂಡು ಹೊಟ್ಟೆ ಉಬ್ಬಿದರೆ ನಾವು ಬೈಯುವುದು ಹೋಳಿಗೆಯನ್ನು. ಕಾಳುಗಳನ್ನು ರಾತ್ರಿ, ಎಂಟರಿಂದ ಹನ್ನೆರಡು ತಾಸು ನೆನೆಹಾಕಿ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿ, ಸಾಧ್ಯವಾದರೆ ಮೊದಲ ಕುದಿಯ ನೀರನ್ನೂ ಚೆಲ್ಲಿ. ಕಾಳನ್ನೇ ಬಿಡುವುದು ಬೇಡ. ಸಕ್ಕರೆ ಕಾಯಿಲೆ ಇರುವವರಿಗೆ ಅದು ಬೇಕು, ಹೆಸರುಕಾಳು ಬಟ್ಟಲರ್ಧ ಸಾಮಾನ್ಯವಾಗಿ ಒಗ್ಗುತ್ತದೆ.

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಆಹಾರಕ್ರಮದ ತಿರುಳೂ ಇದೇ: 2ರಿಂದ 6 ವಾರ ಇಂಥವನ್ನು ಬಿಟ್ಟು, ಆಮೇಲೆ ಒಂದೊಂದಾಗಿ ಮರಳಿ ತರುವುದು. ನೀವು ನಾಲ್ಕು ವಾರ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕಡ್ಲಿಹಿಟ್ಟು, ಕಟ್ಟಿನ ಸಾರು, ಗ್ಲಾಸುಗಟ್ಟಲೆ ಹಾಲು ಬಿಟ್ಟು ನೋಡಿ. ಮೊಸರು, ಮಜ್ಜಿಗೆ, ಚಹಾದಲ್ಲಿನ ಹಾಲು ಇರಲಿ. ಐದನೇ ವಾರ ಉಳ್ಳಾಗಡ್ಡಿ ಮಾತ್ರ: ಮೊದಲ ದಿನ ಒಂದು ಸೀಳು, ಮರುದಿನ ಕಾಲು ಗಡ್ಡಿ, ಮೂರನೇ ದಿನ ಅರ್ಧ. ಉಬ್ಬರ ಎದ್ದರೆ ಅಲ್ಲಿಗೆ ನಿಲ್ಲಿಸಿ, ಮೂರು ದಿನ ಬಿಟ್ಟು ಮುಂದಿನ ಪದಾರ್ಥ. ಮರಳಿ ತರುವ ಈ ಹಂತವನ್ನು ಬಿಡಬೇಡಿ. ಎಲ್ಲವನ್ನೂ ಕಾಯಂ ತ್ಯಜಿಸಿದರೆ ಊಟ ಬಡವಾಗುತ್ತದೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಆಹಾರ ತಪ್ಪುತ್ತದೆ. ಚಪಾತಿ ತಿಂದ ದಿನವಷ್ಟೇ ತೊಂದರೆ ಹೆಚ್ಚು ಅನ್ನಿಸಿದರೆ, ಗೋಧಿ ಬಿಡುವ ಮೊದಲೇ ರಕ್ತದ ಟಿಟಿಜಿ–ಐಜಿಎ ಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ, ಗ್ಲುಟೆನ್ನಿನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು. ಆ ಕಾಯಿಲೆ ಇರುವವರು ಅಂಗಡಿಯ ಹಿಂಗಿನ ಡಬ್ಬಿಯನ್ನೂ ಓದಬೇಕು, ಅನೇಕ ಹಿಂಗುಗಳಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ.

ಇಷ್ಟಾದ ಮೇಲೂ ಹೊಟ್ಟೆ ಹಿಂಡುವುದು ಉಳಿದರೆ ಕೊಳ್ಳಬಹುದಾದದ್ದು ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್. ಕರುಳಿನ ಸ್ನಾಯು ಸಡಿಲಿಸುತ್ತದೆ, ಅದಕ್ಕೆ ಪುರಾವೆಯೂ ಇದೆ. ಕರುಳಿನಲ್ಲಿ ಕರಗುವ ಪದರದ್ದು, 0.2 ಮಿ.ಲೀ. ಅಳತೆಯದು, ಊಟಕ್ಕೆ ಅರ್ಧ ತಾಸು ಮೊದಲು ದಿನಕ್ಕೆ ಮೂರು ಸಲ, ನಾಲ್ಕು ವಾರ. ಅಗಿಯಬಾರದು, ಆಂಟಾಸಿಡ್ ಜೊತೆ ನುಂಗಬಾರದು. ಪದರ ಜಠರದಲ್ಲೇ ಒಡೆದು ಎದೆಯುರಿ ಏಳುತ್ತದೆ. ಹುಳಿತೇಗು ಜೋರಿದ್ದರೆ ಇದು ಬೇಡ. ಮನೆಯ ಪುದೀನಾ ಚಟ್ನಿ ರುಚಿಗೆ ಸರಿ, ಈ ಎಣ್ಣೆಯ ಕೆಲಸ ಅದರಿಂದ ಆಗದು. ಅಜವಾನ, ಜೀರಗಿ ಕುದಿಸಿದ ನೀರು, ಹಸಿಶುಂಠಿ ಚೂರು ಹಿತವೆನಿಸಿದರೆ ತಗೊಳ್ಳಿ, ಹಾನಿ ಇಲ್ಲ. ಜ್ಯೇಷ್ಠಮಧು ಮಾತ್ರ ವಾರಗಟ್ಟಲೆ ಬೇಡ, ಬಿ.ಪಿ. ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ.

ಪ್ರೊಬಯೋಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲ್ ಬಗ್ಗೆ ವೈದ್ಯರ ಸಂಘಗಳೇ ಒಂದು ಮಾತು ಹೇಳುವುದಿಲ್ಲ. ಅಮೆರಿಕದ ಜೀರ್ಣಾಂಗ ತಜ್ಞರ ಸಂಘ 2020ರಲ್ಲಿ ಇಂಥ ಸೂಕ್ಷ್ಮ ಕರುಳಿನ ತೊಂದರೆಗೆ (ಐ.ಬಿ.ಎಸ್.) ಅದನ್ನು ಶಿಫಾರಸು ಮಾಡಲಿಲ್ಲ. ಬ್ರಿಟನ್ನಿನವರು 2021ರಲ್ಲಿ 12 ವಾರದವರೆಗೆ ನೋಡಿ, ಗುಣ ಕಾಣದಿದ್ದರೆ ಬಿಡಿ ಎಂದರು. ನೀವು ಎಷ್ಟು ದಿನದಿಂದ ತಗೊಳ್ಳುತ್ತಿದ್ದೀರೋ ಬರೆದಿಲ್ಲ, ಉಬ್ಬರವಂತೂ ಹಾಗೇ ಇದೆ. ಈಗ ಪಕ್ಕಕ್ಕಿಡಿ. ಮುಂದೆ ಬೇಕೆನಿಸಿದರೆ ಬೇರೇನೂ ಬದಲಿಸದ ಕಾಲದಲ್ಲಿ, ಶುರು ಮಾಡಿದ ತಾರೀಖು ಕ್ಯಾಲೆಂಡರಿನಲ್ಲಿ ಬರೆದಿಟ್ಟು ತಗೊಳ್ಳಿ.

ನಿಮಗೆ ನಿಜವಾಗಿ ಬೇಕಾಗಿರಬಹುದಾದ ಸಪ್ಲಿಮೆಂಟ್ ಒಂದಿದೆ, ಅದರ ಬಗ್ಗೆ ನೀವು ಕೇಳಿಲ್ಲ: ವಿಟಮಿನ್ ಬಿ12. ಮೆಟ್‌ಫಾರ್ಮಿನ್ ಅದರ ಹೀರಿಕೆ ಕಡಿಮೆ ಮಾಡುತ್ತದೆ, ಪ್ಯಾಂಟೊಪ್ರಜೋಲ್ ಕೂಡ ಅದೇ ಮಾಡುತ್ತದೆ, ಎರಡೂ ಒಟ್ಟಿಗೆ ಒಂದೂವರೆ ವರ್ಷ ಆಗಿದೆ. ಮನೆಯಲ್ಲಿ ಸಸ್ಯಾಹಾರವಾದರೆ ಇನ್ನೂ ಹೆಚ್ಚು ಸಂಭವ. ಅಂಗಾಲು ಜುಮುಗುಡುವುದು, ನಾಲಿಗೆ ಉರಿ, ದಣಿವು ಇದ್ದರೆ ಸಕ್ಕರೆ ಕಾಯಿಲೆಯ ನರದೋಷ ಎಂದು ಸುಮ್ಮನಾಗಬೇಡಿ. ಮೊದಲು ರಕ್ತ ಪರೀಕ್ಷೆ, ಆಮೇಲೆ ಗುಳಿಗೆ. ಮೊದಲೇ ಗುಳಿಗೆ ನುಂಗಿದರೆ ಅಂಕಿ ಏರಿ ಕೊರತೆ ಮುಚ್ಚಿಹೋಗುತ್ತದೆ. ಬಿ12 ಒಂದು ಮಿ.ಲೀ. ರಕ್ತದಲ್ಲಿ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಚಿಕಿತ್ಸೆ ಬೇಕೇ ಬೇಕು. ಅದೇ ರಕ್ತದಲ್ಲಿ ಸಿಬಿಸಿ (ರಕ್ತಕಣಗಳ ಎಣಿಕೆ), ಥೈರಾಯ್ಡಿನ ಟಿಎಸ್‌ಎಚ್, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಟಿಟಿಜಿ–ಐಜಿಎ ನೋಡಿಸಿ. ತೆಳ್ಳಗಿನ ಸಂಡಾಸ ಮುಂದುವರಿದರೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಉರಿಯೂತ ಇದೆಯೋ ಇಲ್ಲವೋ ಹೇಳುತ್ತದೆ. ಜಂತು, ಅಮೀಬಾ ಎಂದು ಪರೀಕ್ಷೆಯಿಲ್ಲದೆ ಮತ್ತೆ ಮತ್ತೆ ಮೆಟ್ರೊನಿಡಜೋಲ್ ಕೋರ್ಸು ಕೊಡುವವರಿದ್ದಾರೆ, ಒಪ್ಪಬೇಡಿ.

ಇವೆಲ್ಲವನ್ನೂ ಒಂದೇ ಸೋಮವಾರ ಶುರು ಮಾಡಿದರೆ ಯಾವುದರಿಂದ ಏನಾಯಿತು ತಿಳಿಯದು. ಮೊದಲ ವಾರ ಚೂರ್ಣ, ಜ್ಯೂಸ್, ಸಿರಪ್ ಬಿಡಿ, ಇಸಬಗೋಲ್ ಹಿಡಿಯಿರಿ, ರಕ್ತ ಕೊಡಿ. ಮೂರನೇ ವಾರದಿಂದ ಪ್ಯಾಂಟೊಪ್ರಜೋಲ್ ಇಳಿಸಲು ತೊಡಗಿ, ಆರನೇ ವಾರದ ಕೊನೆಗೆ ನಿಲ್ಲುತ್ತದೆ. ಒಂಬತ್ತನೇ ವಾರ ಪೈಲೋರಿ ಪರೀಕ್ಷೆ. ಊಟದ ಪ್ರಯೋಗ ಅದರ ನಂತರ. ದಿನಾ ಮಲಗುವ ಮೊದಲು ವಹಿಯಲ್ಲಿ ನಾಲ್ಕು ಸಾಲು ಬರೆಯಿರಿ: ಏನು ಉಂಡಿರಿ, ಎಷ್ಟು ಸಲ ಸಂಡಾಸ ಮತ್ತು ಹೇಗಿತ್ತು, ಉಬ್ಬರ ಹತ್ತಕ್ಕೆ ಎಷ್ಟು, ಯಾವ ಗುಳಿಗೆ.

ಒಂಬತ್ತು ವಾರದಲ್ಲಿ ಏನೂ ಬದಲಾಗದಿದ್ದರೆ ಬಾಗಲಕೋಟೆ, ವಿಜಯಪುರ ಅಥವಾ ಬೆಳಗಾವಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ ಎಂಡೋಸ್ಕೋಪಿ ಬೇಕೇ ಎಂದು ಕೇಳಿ. ಹೋಗುವಾಗ ಆ ವಹಿ, ಹಳೆಯ ರಿಪೋರ್ಟು, ಮನೆಯಲ್ಲಿರುವ ಎಲ್ಲ ಬಾಟಲಿ ಡಬ್ಬಿ ಒಂದು ಚೀಲದಲ್ಲಿ ಇರಲಿ. ಜಾತ್ರೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಲೇಬಲ್ ಇಲ್ಲದೆ ಪುಡಿಕೆಯಲ್ಲಿ ಕಟ್ಟಿಕೊಟ್ಟ ಪುಡಿ ಇದ್ದರೆ ಅದನ್ನು ಮುಚ್ಚಿಡದೆ ಮೊದಲು ತೋರಿಸಿ. ಅಂಥವುಗಳಲ್ಲಿ ಕೆಲವೊಮ್ಮೆ ಸೀಸ ಇರುತ್ತದೆ, ಸೀಸದ ವಿಷ ಮೈಗೆ ಏರಿದರೆ ಮೊದಲು ಕಾಣುವುದೇ ಹೊಟ್ಟೆನೋವು ಮತ್ತು ಮಲಬದ್ಧತೆ.